ಡಾಕ್ಟರೇಟಿನ ಬಳಿಕವೂ ವಿದ್ಯಾರ್ಥಿಯೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗೃಹಸ್ಥರಲ್ಲಿ ಮಕ್ಕಳನ್ನು ಜೀವವೈದ್ಯ ಶಾಸ್ತ್ರಗಳಲ್ಲಿ ಪಿಎಚ್.ಡಿ. ಪದವಿಯವರೆಗೆ ಓದಿಸಿದವರುಂಟು. ಪದವಿಯು ಕೈಸೇರಿತೆಂದು ತಾಯ್ತಂದೆಗಳು ಸಮಾಧಾನಪಡುವಷ್ಟರಲ್ಲಿಯೇ ಮಗನು, "ಇನ್ನೆರಡು ವರ್ಷ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಫೆಲೋ ಆಗಿರುವೆನು" ಎನ್ನುತ್ತಾನೆ. ಇದು ನೌಕರಿಯೋ, ಓದೋ ಎಂದು ಮನೆಯವರು ಕೇಳುವರು. ಕೇಳತಕ್ಕ ಪ್ರಶ್ನೆಯೇ ಸರಿ.

ಡಾಕ್ಟರೇಟು ಪಡೆದವನು ಗುರುವಿನ ಆಸರೆಯಲ್ಲಿ ಒಂದು ಪ್ರಶ್ನೆಯನ್ನು ಬಿಡಿಸಿದವನು. ತಾನೇ ಪ್ರಶ್ನೆಯನ್ನು ಕಂಡುಕೊಂಡು, ಧನಸಹಾಯವನ್ನು ದೊರಕಿಸಿ, ಕಿರಿಯರನ್ನು ನಡೆಯಿಸಬೇಕಾದರೆ ನಡುವೆ ಕೆಲಕಾಲದ ಸಾಧನೆ ಬೇಕು. ಪಾಠಶಾಲೆಗಳಲ್ಲಿ ಶಾಸ್ತ್ರವನ್ನು ಮುಗಿಸಿದ ಅಂತೇವಾಸಿಯು ಗುರುಸನ್ನಿಧಿಯಲ್ಲಿಯೇ ನಿಂತು, ಕಿರಿಯರಿಗೆ ಪಾಠ ಹೇಳುತ್ತ ತಾನೂ ಪ್ರೌಢನಾಗುತ್ತಿದ್ದನಷ್ಟೆ. ಇದೂ ಅಂಥದೇ.

ಸಂಶೋಧನೆಯ ಫಲವು ಬಡವರ ಮನೆಗೆ ಮುಟ್ಟುವುದೇ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಯುಂಟು. ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಅಮೆರಿಕೆಯ ವಿದ್ವಾಂಸರೊಡನೆ ಕೂಡಿ, 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಣ್ಣುಮಕ್ಕಳ ಹೆರಿಗೆಗಳನ್ನು ಪರೀಕ್ಷಿಸಿದರು. ಹೆರಿಗೆಯಾದ ಕೂಡಲೆ ಸುಮಾರು ಅರ್ಧ ಮಂದಿಗೆ ಮಿಸೋಪ್ರೊಸ್ಟಾಲ್ ಗುಳಿಗೆಗಳನ್ನೂ ಉಳಿದವರಿಗೆ ಔಷಧವಿಲ್ಲದ ಗುಳಿಗೆಗಳನ್ನೂ ಕೊಡಲಾಯಿತು. ಕೊಟ್ಟವರು ಹಳ್ಳಿಯ ದಾದಿಯರು. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅತಿರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ ಅದು 6.4 ಮಾತ್ರ. ಈ ವೃತ್ತಾಂತವು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಔಷಧವನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಇಂಥ ಕಾರ್ಯಕ್ಕೆ ನುರಿತ ಕೈಗಳು ಅನೇಕ ಬೇಕು. ಅವುಗಳನ್ನು ಪಳಗಿಸುವ ಗರಡಿಯೇ ಈ ಫೆಲೋಶಿಪ್ಪು. ನಿಪ್ಪಾಣಿಯಲ್ಲಿ ತಂಬಾಕು ಮುಟ್ಟಿ ದುಡಿಯುವ ಹೆಂಗಸರ ದೇಹಸ್ಥಿತಿ, ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದವರ ಚಿಕಿತ್ಸೆ, ಇವುಗಳನ್ನು ಈ ನೆಲದ ಮಕ್ಕಳಿಗಿಂತ ಆಸ್ಥೆಯಿಂದ ವಿಚಾರಿಸುವವರಾರು?

ಇನ್ನು ಹಣದ ಮಾತು. ಕೇಂದ್ರ ಸರಕಾರವು 2023ರ ಜನವರಿ 1ರಿಂದ ಇಂಥ ಸಂಶೋಧಕರಿಗೆ ಮೂರು ಮೆಟ್ಟಿಲುಗಳಲ್ಲಿ ತಿಂಗಳಿಗೆ 58,000, 61,000 ಮತ್ತು 67,000 ರೂಪಾಯಿಗಳನ್ನು ಗೊತ್ತುಪಡಿಸಿತು. ಮನೆಬಾಡಿಗೆಯ ಭತ್ಯವು ಬೇರೆ. ಸಣ್ಣ ಮೊತ್ತವಲ್ಲ. ಆದರೆ ಇದು ಖಾಯಂ ನೌಕರಿಯಲ್ಲ, ಪಿಂಚಣಿಯಿಲ್ಲ. ಹಣವು ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಆದುದರಿಂದ ಒಪ್ಪುವ ಮೊದಲು ಮೂರು ಸಂಗತಿಗಳನ್ನು ವಿಚಾರಿಸತಕ್ಕದ್ದು: ಹಣ ಎಲ್ಲಿಂದ, ಎಷ್ಟು ತಿಂಗಳು ಬರುವುದು? ಆ ಗುರುವಿನ ಹಿಂದಿನ ಶಿಷ್ಯರು ಈಗ ಎಲ್ಲಿರುವರು? ದುಡಿದವನ ಹೆಸರು ಪ್ರಬಂಧದ ಮೇಲೆ ಬರುವುದೋ? ಉತ್ತರ ತೃಪ್ತಿಕರವಾಗಿದ್ದರೆ ಎರಡು ಮೂರು ವರ್ಷ ತಾಳುವುದು ಲೇಸು. ಒಂದು ಮುಗಿದೊಡನೆ ಮತ್ತೊಂದೆಂದು ಹತ್ತು ವರ್ಷ ಅಲೆಯುವುದು ಲೇಸಲ್ಲ.

ಮಗಳ ವಿಷಯದಲ್ಲಿ ಒಂದು ಮಾತು ಹೆಚ್ಚಿಗೆ. ಸಾಧನೆಯ ಈ ವರ್ಷಗಳೂ ಮದುವೆ, ಹೆರಿಗೆಗಳ ವರ್ಷಗಳೂ ಒಂದೇ ಆಗಿ ಬರುತ್ತವೆ. ಸರಕಾರದ ಫೆಲೋಶಿಪ್ಪುಗಳಲ್ಲಿ ಹೆರಿಗೆಯ ರಜೆಗೂ ಪೂರ್ಣ ವೇತನವುಂಟು. ಸರಕಾರವು ಕೊಟ್ಟ ಅವಕಾಶವನ್ನು ತವರಾಗಲಿ ಅತ್ತೆಯ ಮನೆಯಾಗಲಿ ಕಸಿಯಬಾರದು. ಮಗನಿಗೆ ತಾಳಿದಷ್ಟೇ ಮಗಳಿಗೂ ತಾಳುವ ಮನೆಯಿಂದಲೇ ಮುಂದೆ ನಮ್ಮ ಬಾಣಂತಿಯರ ಪ್ರಾಣ ಕಾಯುವ ವಿದ್ಯೆ ಬರುವುದು.