ಗಾಡಿ ಯಾವಾಗ ನಡುಗುತ್ತದೆ?

ರೋಣ, ನರಗುಂದ, ಗಜೇಂದ್ರಗಡ. ಈ ಮೂರೂ ಊರು ಗದಗ ಜಿಲ್ಲೆಯಲ್ಲಿವೆ. ಈ ಕಡೆಯ ಹಳ್ಳಿಗಳಲ್ಲಿ ಈಗ ಕಾರು ಇಟ್ಟವರು ಬಹಳ ಮಂದಿ. ಎಲ್ಲರೂ ಹೊಸ ಕಾರು ಕೊಂಡವರಲ್ಲ. ಕೆಲವರು ಹಳೆಯ ಮಾರುತಿ ಕೊಂಡಿದ್ದಾರೆ. ಕೆಲವರು ಹಳೆಯ ಓಮ್ನಿ, ಇಂಡಿಕಾ ಕೊಂಡಿದ್ದಾರೆ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಇಂಡಿಕಾ 2018ರಲ್ಲಿ ನಿಂತಿತು. ಓಮ್ನಿ 2019ರಲ್ಲಿ ನಿಂತಿತು. ಆದರೂ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ. ಸಂತೆಗೆ, ಮದುವೆಗೆ, ದವಾಖಾನೆಗೆ ಅವೇ ಆಸರೆ.

ಕಡಲೆ ಮಾರಿದ ದುಡ್ಡಿಗೆ ಸಂಘದ ಸಾಲ ಕೂಡಿಸಿ ಗಾಡಿ ತಂದಿರುತ್ತೇವೆ. ತಂದ ವಾರಕ್ಕೇ ಅದು ನಡುಗತೊಡಗಿದರೆ? ನಮ್ಮ ಎದೆಯೂ ನಡುಗುತ್ತದೆ.

"ಕ್ಲಚ್ ಹೋಗೈತಿ, ಪೂರಾ ಬದ್ಲಿ ಮಾಡ್ಬೇಕು" ಎಂದು ಯಾರೋ ಹೇಳುತ್ತಾರೆ. ಅದು ನಿಜ ಇರಬಹುದು. ಸುಳ್ಳೂ ಇರಬಹುದು. ಒಂದು ರಬ್ಬರು ಹರಿದರೂ ಗಾಡಿ ಹಾಗೆಯೇ ನಡುಗುತ್ತದೆ. ಕ್ಲಚ್ ಬದಲಿಸಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಅದು ದೊಡ್ಡ ಕೆಲಸ, ದೊಡ್ಡ ಖರ್ಚು. ಅದಕ್ಕೇ ಮೊದಲು ಒಂದು ಪ್ರಶ್ನೆ ಕೇಳಬೇಕು. ಗಾಡಿ ಯಾವಾಗ ನಡುಗುತ್ತದೆ?

ಕ್ಲಚ್ ಮಾಡುವ ಕೆಲಸ

ಇಂಜಿನ್ ತಿರುಗುತ್ತಿರುತ್ತದೆ. ಗಾಲಿ ನಿಂತಿರುತ್ತದೆ. ಎರಡನ್ನೂ ಮೆಲ್ಲಗೆ ಕೂಡಿಸುವುದು ಕ್ಲಚ್ಚಿನ ಕೆಲಸ.

ಇಂಜಿನ್ನಿನ ಬೆನ್ನಿಗೆ ಒಂದು ಭಾರವಾದ ಕಬ್ಬಿಣದ ಚಕ್ರ ಇದೆ. ಅದಕ್ಕೆ ಫ್ಲೈವೀಲ್ ಎನ್ನುತ್ತಾರೆ. ಅದರ ಮಗ್ಗುಲಿಗೆ ಕ್ಲಚ್ ಪ್ಲೇಟ್ ಇದೆ. ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವುದು ಪ್ರೆಶರ್ ಪ್ಲೇಟ್. ನಾವು ಪೆಡಲ್ ತುಳಿದರೆ ಹಿಡಿತ ಬಿಡುತ್ತದೆ. ಪೆಡಲ್ ಬಿಟ್ಟರೆ ಹಿಡಿತ ಬರುತ್ತದೆ.

ಬಾವಿಯಿಂದ ನೀರು ಸೇದುವಾಗ ನೋಡಿದ್ದೀರಲ್ಲ? ಒಣ ಕೈಯಲ್ಲಿ ಹಗ್ಗ ಹಿಡಿದರೆ ಕೊಡ ಸಲೀಸಾಗಿ ಮೇಲೆ ಬರುತ್ತದೆ. ಎಣ್ಣೆಗೈಯಲ್ಲಿ ಹಿಡಿದರೆ? ಒಮ್ಮೆ ಹಿಡಿಯುತ್ತದೆ, ಒಮ್ಮೆ ಜಾರುತ್ತದೆ. ಕೊಡ ಕುಲುಕಾಡುತ್ತದೆ. ಕ್ಲಚ್ಚಿನ ನಡುಕವೂ ಹೀಗೇ. ಪ್ಲೇಟು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಗಾಡಿ ಗದಗದ ನಡುಗುತ್ತದೆ.

ಮಿಸ್ತ್ರಿ ಕೇಳುವ ಪ್ರಶ್ನೆ

ಒಳ್ಳೆಯ ಮಿಸ್ತ್ರಿ ಮೊದಲು ಪಾನಾ ಹಿಡಿಯುವುದಿಲ್ಲ. ಮೊದಲು ಮಾತಾಡಿಸುತ್ತಾನೆ.

"ಏನಾಗೈತ್ರಿ ಅಣ್ಣಾರ?"

"ಗಾಡಿ ನಡಗಾಕ ಹತ್ತೈತಪಾ."

"ಯಾವಾಗ ನಡಗ್ತೈತ್ರಿ? ನಿಂತಾಗೋ, ಬಿಡುವಾಗೋ, ಓಡುವಾಗೋ?"

"ಒಂದನೇ ಗೇರ್ ಹಾಕಿ ಕ್ಲಚ್ ಬಿಡೂ ಮುಂದ. ಗಾಡಿ ಹೊಂಟ ಮ್ಯಾಲೆ ಏನೂ ಇಲ್ಲ."

ಇಷ್ಟು ಹೇಳಿದರೆ ಅರ್ಧ ರೋಗ ಸಿಕ್ಕಂತೆ. ನೀವೂ ಈ ಪರೀಕ್ಷೆಗಳನ್ನು ಮಾಡಿ ನೋಡಿರಿ.

ಒಂದು: ನಿಂತಾಗ. ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇಡಿ. ಆಗಲೇ ನಡುಗಿದರೆ ಸಂಶಯ ಇಂಜಿನ್ ಮೇಲೆ. ಪ್ಲಗ್ ಕೆಟ್ಟಿರಬಹುದು. ಡೀಸೆಲ್ ಗಾಡಿಯಾದರೆ ಡೀಸೆಲ್ ಸರಿಯಾಗಿ ಬರದೆ ಇರಬಹುದು. ಇಂಜಿನ್ ಕೆಳಗಿನ ರಬ್ಬರು ಹರಿದಿರಬಹುದು. ಕ್ಲಚ್ಚಿಗೆ ಕೈ ಹಚ್ಚುವ ಮೊದಲು ಇವನ್ನು ನೋಡಿಸಿರಿ.

ಎರಡು: ಪೆಡಲ್ ತುಳಿದಾಗ. ನ್ಯೂಟ್ರಲ್‌ನಲ್ಲೇ ಪೆಡಲ್ ತುಳಿಯಿರಿ. ತುಳಿದ ಕೂಡಲೇ ಕಿರ್ ಎಂಬ ಸಪ್ಪಳ ಬಂದರೆ ರಿಲೀಸ್ ಬೇರಿಂಗ್ ಮೇಲೆ ಸಂಶಯ. ತುಳಿದಾಗ ಸಪ್ಪಳ ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸಿನ ಬೇರಿಂಗ್ ನೋಡಬೇಕು.

ಮೂರು: ಗಾಡಿ ಬಿಡುವಾಗ. ಸಪಾಟಾದ ನೆಲದಲ್ಲಿ ಒಂದನೇ ಗೇರ್ ಹಾಕಿ. ಮೆಲ್ಲಗೆ ಕ್ಲಚ್ ಬಿಡಿ. ರಿವರ್ಸ್ ಹಾಕಿಯೂ ನೋಡಿ. ಹಿಡಿತ ಬರುವಾಗ ಮಾತ್ರ ನಡುಗಿದರೆ ಎರಡು ಸಂಶಯ ಮುಖ್ಯ. ಕ್ಲಚ್ ಪ್ಲೇಟ್ ಒಂದು, ಇಂಜಿನ್ ಮೌಂಟಿಂಗ್ ರಬ್ಬರು ಇನ್ನೊಂದು. ಓಮ್ನಿ, ಸುಮೋ ಥರದ ಗಾಡಿಗಳಲ್ಲಿ ಹಿಂದಿನ ಗಾಲಿಗೆ ಹೋಗುವ ಉದ್ದನೆಯ ಶಾಫ್ಟ್ ಇದೆ. ಅದರ ಕ್ರಾಸ್ ಸವೆದರೂ ಗಾಡಿ ಜರ್ಕ್ ಹೊಡೆಯುತ್ತದೆ.

ನಾಲ್ಕು: ಜೋರು ಓಡುವಾಗ. ನರಗುಂದದ ಹತ್ತಿರ ಹುಬ್ಬಳ್ಳಿ-ವಿಜಯಪುರ ಹೆದ್ದಾರಿ ಇದೆ. ಅಂಥ ದಾರಿಯಲ್ಲಿ 60, 80 ವೇಗಕ್ಕೆ ಸ್ಟೇರಿಂಗ್ ನಡುಗಿದರೆ ಅದು ಹೆಚ್ಚಾಗಿ ಗಾಲಿಯ ದೋಷ. ಟೈರು ನೋಡಿಸಿರಿ. ವೀಲ್ ಬ್ಯಾಲೆನ್ಸ್ ಮಾಡಿಸಿರಿ. ಕ್ಲಚ್ ಬಿಚ್ಚಿಸಬೇಡಿರಿ.

ಪ್ಲೇಟೋ, ರಬ್ಬರೋ?

ಇದು ದುಡ್ಡು ಉಳಿಸುವ ಪ್ರಶ್ನೆ. ಯಾಕೆಂದರೆ ಗೇರ್‌ಬಾಕ್ಸ್ ಇಳಿಸದೆಯೇ ಮೌಂಟಿಂಗ್ ರಬ್ಬರು ಬದಲಿಸಬಹುದು.

ಬಾನೆಟ್ ಎತ್ತಿ. ಗಾಲಿಗೆ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಕಾಲು ಬ್ರೇಕ್ ಮೇಲೆ ಇರಲಿ. ಒಬ್ಬರು ಒಂದನೇ ಗೇರ್ ಹಾಕಿ, ಹಿಡಿತ ಬರುವ ಮಟ್ಟಕ್ಕೆ ಕ್ಲಚ್ ಬಿಡಲಿ. ಕೂಡಲೇ ಮತ್ತೆ ತುಳಿಯಲಿ. ಇನ್ನೊಬ್ಬರು ಮಗ್ಗುಲಲ್ಲಿ ನಿಂತು ಇಂಜಿನ್ ನೋಡಲಿ. ಗಾಡಿಯ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ಮಕ್ಕಳನ್ನು ದೂರ ಇಡಿ. ಇಂಜಿನ್ ಒಂದೇ ಸಲಕ್ಕೆ ಮೇಲೆದ್ದು ಕುಪ್ಪಳಿಸಿದರೆ ರಬ್ಬರು ಹೋಗಿದೆ ಎಂದು ತಿಳಿಯಿರಿ.

ಇನ್ನೊಂದು ಗುರುತು ಇದೆ. ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿ. ಮುಂಜಾನೆ ನೋಡಿ. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಗೆ ಎಣ್ಣೆ ಬಿದ್ದಿದೆಯೇ? ಹಾಗಿದ್ದರೆ ಆಯಿಲ್ ಸೀಲ್ ಹೋಗಿರಬಹುದು. ಪ್ಲೇಟಿಗೆ ಎಣ್ಣೆ ಹತ್ತಿರಬಹುದು.

ಮಳೆಗಾಲದಲ್ಲಿ ಎಂಟು ದಿನ ನಿಂತ ಗಾಡಿಯೂ ಮುಂಜಾನೆ ನಡುಗಬಹುದು. ಒಳಗೆ ತೇವ ಹತ್ತಿರುತ್ತದೆ, ಸಣ್ಣಗೆ ತುಕ್ಕು ಹಿಡಿದಿರುತ್ತದೆ. ನಾಲ್ಕಾರು ಸಲ ಬಿಟ್ಟು ಹಿಡಿದರೆ ಸರಿಹೋಗುತ್ತದೆ. ಅದಕ್ಕೆ ರಿಪೇರಿ ಬೇಕಿಲ್ಲ.

ಬಿಚ್ಚಲೇಬೇಕಾದರೆ

ಕೆಲವು ಸಲ ಕ್ಲಚ್ ಬಿಚ್ಚಲೇಬೇಕಾಗುತ್ತದೆ. ಆಗ ಎದುರಿಗೆ ನಿಂತು ನೋಡಿರಿ. ಹಳೆಯ ಪ್ಲೇಟು ತೋರಿಸಲು ಹೇಳಿರಿ. ಎಣ್ಣೆ ಹತ್ತಿದೆಯೇ? ಸುಟ್ಟ ವಾಸನೆ ಇದೆಯೇ? ಗಾಜಿನಂತೆ ಹೊಳೆಯುತ್ತಿದೆಯೇ? ಫ್ಲೈವೀಲ್ ಮೇಲೆ ನೀಲಿ ಕಲೆ ಇದೆಯೇ? ನೀಲಿ ಕಲೆ ಎಂದರೆ ಅತಿಯಾಗಿ ಕಾದ ಗುರುತು.

ಎಣ್ಣೆ ಸೋರುತ್ತಿದ್ದರೆ ಸೀಲ್ ಮೊದಲು ಬದಲಿಸಬೇಕು. ಇಲ್ಲವಾದರೆ ಹೊಸ ಪ್ಲೇಟೂ ಕೆಡುತ್ತದೆ. ಪ್ಲೇಟು ಸವೆದಿದ್ದರೆ ಪ್ಲೇಟು, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಕೂಡಿಯೇ ಹಾಕಿಸುವುದು ಲೇಸು. ಗೇರ್‌ಬಾಕ್ಸ್ ಇಳಿಸುವ ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ. ಫ್ಲೈವೀಲ್ ಏರುಪೇರಾಗಿದ್ದರೆ ಲೇಥ್ ಅಂಗಡಿಯಲ್ಲಿ ಸಪಾಟು ಮಾಡಿಸಬಹುದು. ಆದರೆ ಕೆಲವು ಹೊಸ ಡೀಸೆಲ್ ಕಾರುಗಳ ಫ್ಲೈವೀಲ್ ಎರಡು ಭಾಗದ್ದು, ಒಳಗೆ ಸ್ಪ್ರಿಂಗ್ ಇರುತ್ತದೆ. ಅದನ್ನು ಲೇಥಿಗೆ ಕೊಡಬಾರದು.

ಎಚ್ಚರ! ಹಳೆಯ ಪ್ಲೇಟಿನ ಧೂಳನ್ನು ಬಾಯಿಂದ ಊದಬೇಡಿರಿ. ಗಾಳಿ ಹೊಡೆಯಬೇಡಿರಿ. ಅದರಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಅದು ಪುಪ್ಪುಸಕ್ಕೆ ಕೆಡುಕು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಎರಿ ಹೊಲ, ಗುಡ್ಡದ ಏರು

ನಮ್ಮ ಕಡೆ ಕ್ಲಚ್ ಸುಡಲು ನಮ್ಮ ನೆಲವೂ ಒಂದು ಕಾರಣ. ರೋಣ, ನರಗುಂದದ ಎರಿ ಮಣ್ಣು ಮಳೆ ಬಿದ್ದರೆ ಅಂಟಾಗುತ್ತದೆ. ಗಾಲಿ ಹೂತುಕೊಳ್ಳುತ್ತದೆ. ಆಗ ಅರ್ಧ ಕ್ಲಚ್ಚಿನಲ್ಲಿ ಇಂಜಿನ್ ರೇಸ್ ಮಾಡುತ್ತೇವೆ. ಹಿಡಿಯಲಾರದೆ, ಬಿಡಲಾರದೆ ಪ್ಲೇಟು ಉಜ್ಜುತ್ತದೆ. ನಾಲ್ಕು ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ. ಹಾಗೆ ಮಾಡಬೇಡಿರಿ. ಗಾಲಿಯ ಕೆಳಗೆ ಕಣಕಿ, ಕಲ್ಲು, ಗೋಣಿಚೀಲ ಹಾಕಿರಿ. ನಾಲ್ಕು ಮಂದಿ ನೂಕಿರಿ. ಗಾಲಿ ತಿರುಗುವಾಗ ನೇರ ಅದರ ಹಿಂದೆ ನಿಲ್ಲಬೇಡಿರಿ.

ಗಜೇಂದ್ರಗಡದ ಕಡೆ ಗುಡ್ಡದ ಏರು ಇದೆ. ಏರಿನಲ್ಲಿ ಗಾಡಿ ನಿಲ್ಲಿಸಲು ಬ್ರೇಕ್ ಹಿಡಿಯಿರಿ. ಕ್ಲಚ್ಚಿನಿಂದ ತಡೆದು ನಿಲ್ಲಿಸಬೇಡಿರಿ. ಓಡಿಸುವಾಗ ಪೆಡಲ್ ಮೇಲೆ ಕಾಲು ಇಟ್ಟುಕೊಂಡು ಕೂಡ್ರಬೇಡಿರಿ.

ಒಂದು ಚೀಟಿ ಬರೆಯಿರಿ

ನೀವು ಈಗ ಓದಲು, ಬರೆಯಲು ಕಲಿತಿದ್ದೀರಿ. ಗ್ಯಾರೇಜಿಗೆ ಹೋಗುವ ಮೊದಲು ಹೀಗೆ ಬರೆಯಿರಿ:

ನಿಂತಾಗ ನಡುಕ: ಇಲ್ಲ.
ಗಾಡಿ ಬಿಡುವಾಗ ನಡುಕ: ಇದೆ.
ಜೋರು ಓಡುವಾಗ ನಡುಕ: ಇಲ್ಲ.
ಕೆಳಗೆ ಎಣ್ಣೆ: ಇದೆ.

ಈ ಚೀಟಿಯನ್ನು ಮಿಸ್ತ್ರಿಗೆ ಕೊಡಿರಿ. ಯಾವ ಸಾಮಾನು ಹಾಕುತ್ತಾನೆ, ಎಷ್ಟು ಖರ್ಚು ಎಂದು ಅವನಿಂದಲೂ ಬರೆಸಿಕೊಳ್ಳಿರಿ. ಹಳೆಯ ಸಾಮಾನು ವಾಪಸು ಕೇಳಿರಿ. ಹಳೆಯ ಗಾಡಿ ಕೊಳ್ಳುವ ಮೊದಲೂ ಇದೇ ಪರೀಕ್ಷೆ ಮಾಡಿರಿ. ದೋಷ ಕಂಡರೆ ಬೆಲೆ ಇಳಿಸಲು ಹೇಳಿರಿ, ಇಲ್ಲವೇ ಬಿಟ್ಟು ಬನ್ನಿರಿ. ದುಡ್ಡು ಕೊಟ್ಟ ಮೇಲೆ ಕೇಳಿದರೆ ಯಾರೂ ಕಿವಿ ಕೊಡುವುದಿಲ್ಲ.

ಉತ್ತರ ಹೇಳಿರಿ

1. ಕ್ಲಚ್ ಪ್ಲೇಟಿಗೆ ಎಣ್ಣೆ ಹತ್ತಿದರೆ ಗಾಡಿ ಯಾಕೆ ನಡುಗುತ್ತದೆ?
2. ಜೋರು ಓಡುವಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಮೊದಲು ಏನು ನೋಡಿಸಬೇಕು?
3. ಎರಿ ಹೊಲದಲ್ಲಿ ಗಾಡಿ ಸಿಕ್ಕರೆ ನೀವು ಏನು ಮಾಡುತ್ತೀರಿ?