ಮಡಚುವ ಗಾಲಿಗೊಂದು ಪೇಟೆಂಟ್

ನಾಟಿ ಹಂಗಾಮಿನಲ್ಲಿ ಸಿಂಧನೂರು ಸೀಮೆಯ ಡಾಂಬರ್ ರಸ್ತೆಯನ್ನು ನೋಡಿದರೆ ಸಾಕು, ಯಾವ ಟ್ರ್ಯಾಕ್ಟರು ಕೇಜ್‌ವ್ಹೀಲ್ ಬಿಚ್ಚದೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಗೊತ್ತಾಗುತ್ತದೆ. ಕೆಸರುಗದ್ದೆಗೆ ಬೇಕೇ ಬೇಕಾದ ಆ ಕಬ್ಬಿಣದ ಪಟ್ಟಿಗಳು ರಸ್ತೆಗೆ ಬಿದ್ದರೆ ಡಾಂಬರನ್ನು ಕೆತ್ತಿ ಹಾಕುತ್ತವೆ. ಬಿಚ್ಚಿ, ಹೊತ್ತು, ಗದ್ದೆಯಲ್ಲಿ ಮತ್ತೆ ಬಿಗಿಯಲು ಯಾರಿಗೂ ಪುರುಸೊತ್ತಿಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಪುನರ್ವಸತಿ ಕೊಟ್ಟ ಇದೇ ಸೀಮೆಯ ಊರು ಆರ್.ಎಚ್. ಕ್ಯಾಂಪ್. ಅಲ್ಲಿನ ಒಬ್ಬ ವೆಲ್ಡಿಂಗ್ ಹುಡುಗ, ರಸ್ತೆಗೆ ಬಂದಾಗ ಒಳಕ್ಕೆ ಮಡಚಿಕೊಳ್ಳುವ ಗಾಲಿ ಮಾಡಿದ ಎಂದಿಟ್ಟುಕೊಳ್ಳೋಣ. ಮರುದಿನವೇ ಚಾದಂಗಡಿಯಲ್ಲಿ ಅವನಿಗೆ ಸಲಹೆಗಳ ಸುರಿಮಳೆ. ಆ ಸಲಹೆಗಳಲ್ಲಿ ಬಹುಪಾಲು ತಪ್ಪು.

“ಏ ತಮ್ಮಾ, ಮೊದ್ಲು ಯೂಟ್ಯೂಬ್‌ನಾಗ ಹಾಕು. ಮಾಡಿದ್ದು ನೀನೇ ಅಂತ ಎಲ್ಲಾರಿಗೂ ಗೊತ್ತಾಗ್ಲಿ.”

ಇದು ಎಲ್ಲಕ್ಕಿಂತ ಕೆಟ್ಟ ಸಲಹೆ. ಅರ್ಜಿ ಹಾಕುವ ದಿನದವರೆಗೆ ಜಗತ್ತಿಗೆ ಗೊತ್ತಿಲ್ಲದ್ದಕ್ಕೆ ಮಾತ್ರ ಪೇಟೆಂಟ್. ಕೀಲು ಹೇಗೆ ಮಡಚುತ್ತದೆ ಎಂದು ವಿಡಿಯೊದಲ್ಲಿ ಕಾಣಿಸಿದರೆ ಅದು ಬಹಿರಂಗವಾದಂತೆ. ಬಹಿರಂಗಪಡಿಸಿದವನು ನೀನೇ ಆಗಿದ್ದರೂ ಪರೀಕ್ಷಕರು ಆ ವಿಡಿಯೊವನ್ನೇ ನಿನ್ನ ಮುಂದೆ ಹಿಡಿಯಬಹುದು. ಕೃಷಿ ಮೇಳದ ಮಳಿಗೆಯೂ ಅಷ್ಟೇ ಅಪಾಯ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಪ್ರದರ್ಶನವಾದರೆ ಮಾತ್ರ ಅರ್ಜಿ ಹಾಕಲು 12 ತಿಂಗಳ ರಕ್ಷಣೆ ಸಿಗುತ್ತದೆ. ಗದ್ದೆಗಿಳಿಸಿ ನೋಡದೆ ವಿಧಿಯೇ ಇಲ್ಲದ ಇಂಥ ಸಾಧನಕ್ಕೆ, ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ ನಡೆಸಿದ ಪ್ರಯೋಗವನ್ನು ಕಾನೂನು ಮನ್ನಿಸುತ್ತದೆ. ಆದರೆ ಅದು ಪ್ರಯೋಗವೇ ಆಗಿರಬೇಕು. ಹತ್ತು ಮಂದಿಗೆ ಗಾಲಿ ಮಾರಿ, ಆಮೇಲೆ ಪ್ರಯೋಗ ಎಂದರೆ ನಡೆಯದು.

ಬಾಯಿ ಬಿಗಿಹಿಡಿದು ಕೂರಬೇಕಾಗಿಯೂ ಇಲ್ಲ. ಕೆಲಸ ಪೂರ್ತಿ ಆಗುವ ಮೊದಲೇ ಪ್ರೊವಿಷನಲ್ ಅರ್ಜಿ ಹಾಕಬಹುದು. ಚಿತ್ರ, ಅಳತೆ, ಕೀಲಿನ ವಿವರ ಬರೆದು ಕಳಿಸಿದರೆ ತಾರೀಖು ನಿನ್ನದಾಗುತ್ತದೆ. ಪೂರ್ಣ ಅರ್ಜಿಗೆ 12 ತಿಂಗಳ ಸಮಯವಿದೆ. ಅದು ತಪ್ಪಿದರೆ ಮೊದಲಿನ ಅರ್ಜಿ ಬಿದ್ದುಹೋಗುತ್ತದೆ.

“ಛಾಪಾ ಕಾಗದದ ಮ್ಯಾಲೆ ಬರ್ಸಿ ನೋಟರಿ ಮಾಡ್ಸು, ಸಾಕು.”

ಹೊಲದ ಲಾವಣಿಗೆ ಸಾಕು, ಪೇಟೆಂಟಿಗಲ್ಲ. ತನಗೆ ತಾನೇ ರಿಜಿಸ್ಟರ್ಡ್ ಪೋಸ್ಟ್ ಕಳಿಸಿಕೊಂಡು ಲಕೋಟೆ ಒಡೆಯದೆ ಇಟ್ಟುಕೊಳ್ಳುವುದೂ ಇದೇ ಜಾತಿಯ ನಂಬಿಕೆ. ಪೇಟೆಂಟ್ ಕಚೇರಿಗೆ ಯಾರ ಅರ್ಜಿ ಮೊದಲು ಬಂತು ಎಂಬುದಷ್ಟೇ ಲೆಕ್ಕ.

“ಲಕ್ಷಗಟ್ಟಲೆ ರೊಕ್ಕ ಬೇಕು, ಚೆನ್ನೈಗೆ ಅಡ್ಡಾಡ್ಬೇಕು.”

ಕರ್ನಾಟಕ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುವುದು ನಿಜ. ಆದರೆ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ವ್ಯಕ್ತಿಯಾಗಿ ಹಾಕಿದರೆ ಶುಲ್ಕ ₹1,600, ಪರೀಕ್ಷೆಗೆ ಕೋರಿಕೆ ಸಲ್ಲಿಸಲು ₹4,000. ಜೇಬಿಗೆ ಭಾರವಾಗುವುದು ಅರ್ಜಿ ಬರೆದುಕೊಡುವ ಏಜೆಂಟರ ಫೀ. ಅಲ್ಲಿ ಚೌಕಾಸಿಗಿಂತ ಮೊದಲು, ಈ ಏಜೆಂಟರು ಹಿಂದೆ ಯಂತ್ರಗಳ ಅರ್ಜಿ ಬರೆದವರೇ ಎಂದು ಕೇಳಿ. ಯಾವುದಕ್ಕೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಹೇಳುವ ಕ್ಲೇಮುಗಳ ಒಂದು ಸಾಲು ಸಡಿಲವಾಗಿದ್ದರೂ ಪಕ್ಕದೂರಿನವನು ಬೋಲ್ಟಿನ ಜಾಗ ಬದಲಿಸಿ ಅದೇ ಗಾಲಿ ಮಾರುತ್ತಾನೆ. ತಳಮಟ್ಟದ ಸಂಶೋಧಕರಿಗಾಗಿ ಗುಜರಾತಿನ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಇದೆ, 2000ದಲ್ಲಿ ಹುಟ್ಟಿದ ಸಂಸ್ಥೆ. ಆಯ್ದ ಸಂಶೋಧನೆಗಳಿಗೆ ಅದೇ ಅರ್ಜಿ ಹಾಕಿಸಿಕೊಡುತ್ತದೆ. ಬೆಂಗಳೂರಿನಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವೂ ಇದೆ.

“ಹೊಸಾದು ಏನ್ ಮಾಡಿದ್ರೂ ಪೇಟೆಂಟ್ ಸಿಗ್ತದ.”

1970ರ ಪೇಟೆಂಟ್ ಕಾಯ್ದೆಯ 3ನೇ ಕಲಮನ್ನು ಒಮ್ಮೆ ಓದಬೇಕು. ಕೃಷಿ ವಿಧಾನಕ್ಕೆ ಪೇಟೆಂಟ್ ಇಲ್ಲ. ಭತ್ತ ಬಿತ್ತುವ ಹೊಸ ಪದ್ಧತಿಗೆ ಸಿಗದು, ಬಿತ್ತುವ ಕೂರಿಗೆಗೆ ಸಿಗಬಹುದು. ಬೀಜ, ತಳಿಗಳು ಹೊರಗೆ. ಅವಕ್ಕೆ 2001ರ ಬೇರೆ ಕಾಯ್ದೆ ಇದೆ, ರೈತ ತಾನೇ ಬೆಳೆಸಿದ ತಳಿಯನ್ನು ಅಲ್ಲಿ ನೋಂದಾಯಿಸಬಹುದು. ಅಜ್ಜಿಯ ಕಷಾಯವೂ ಹೊರಗೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟುಬಿಟ್ಟಿತ್ತು. ನಮ್ಮ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು ತಕರಾರು ಎತ್ತಿದ ಮೇಲೆ 1997ರಲ್ಲಿ ಅದು ರದ್ದಾಯಿತು.

ನಮ್ಮ ಹುಡುಗನ ಎದುರಿಗಿರುವ ತೊಡಕು ಬೇರೆ: ಗೊತ್ತಿರುವ ಸಾಧನಗಳನ್ನು ಬರೀ ಜೋಡಿಸಿದರೆ, ಪ್ರತಿಯೊಂದೂ ತನ್ನ ಹಳೇ ಕೆಲಸವನ್ನೇ ಮಾಡುತ್ತಿದ್ದರೆ, ಅದು ಆವಿಷ್ಕಾರವಲ್ಲ. ಹಳೇ ಗಾಲಿಗೆ ಬಾಗಿಲಿನ ಕೀಲು ಬೆಸೆದೆ ಎಂದರೆ ಸಾಲದು. ಕೆಸರಿನ ಒತ್ತಡಕ್ಕೆ ತಾನಾಗಿ ಬಿಗಿಯಾಗಿ, ರಸ್ತೆಯಲ್ಲಿ ಒಂದು ಪಿನ್ ಎಳೆದರೆ ಸಡಿಲವಾಗುವ ಕೀಲಾದರೆ ವಾದಕ್ಕೆ ಜಾಗವಿದೆ. ಅದಕ್ಕೂ ಮೊದಲು ಪೇಟೆಂಟ್ ಕಚೇರಿಯ ಇನ್‌ಪಾಸ್ ಜಾಲತಾಣದಲ್ಲಿ ಹಿಂದಿನ ಅರ್ಜಿಗಳನ್ನು ಹುಡುಕಬೇಕು. ಹುಡುಕಾಟಕ್ಕೆ ದುಡ್ಡಿಲ್ಲ. ಎರಡು ಸಂಜೆ ಕೂತು ನೋಡಿದರೆ ಎರಡು ವರ್ಷದ ಪೇಚಾಟ ಉಳಿದೀತು.

“ನಮ್ಮ ಅಕ್ಕಿ ಚೀಲದ ಹೆಸ್ರು ಪೇಟೆಂಟ್ ಆಗೇದ.”

ರೈಸ್‌ಮಿಲ್ ಮಾಲೀಕರ ಬಾಯಲ್ಲಿ ಕೇಳುವ ಮಾತು. ಅದು ಟ್ರೇಡ್‌ಮಾರ್ಕ್, 10 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗಬಹುದು. ಪೇಟೆಂಟಿಗೆ ಅರ್ಜಿ ದಿನದಿಂದ 20 ವರ್ಷವಷ್ಟೇ ಆಯಸ್ಸು, ಅದೂ ಮೂರನೇ ವರ್ಷದಿಂದ ವರ್ಷಾವರಿ ಶುಲ್ಕ ಕಟ್ಟುತ್ತಿದ್ದರೆ.

“ಪೇಟೆಂಟ್ ಬಂದ್ರ ಸಾಕು, ಕಂಪನಿಯವ್ರು ಮನಿ ಬಾಗ್ಲಿಗೆ ಬರ್ತಾರ.”

ಬರುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ. ಪೇಟೆಂಟ್ ಎಂದರೆ ಹೊಲದ ಬದು ಇದ್ದ ಹಾಗೆ. ಇನ್ನೊಬ್ಬರು ಒಳಗೆ ಬರದಂತೆ ತಡೆಯುವ ಹಕ್ಕು ಕೊಡುತ್ತದೆ, ಬೆಳೆ ತಂದುಕೊಡುವುದಿಲ್ಲ. ಯಾರಾದರೂ ನಕಲು ಮಾಡಿದರೆ ಸರ್ಕಾರ ಹೋಗಿ ಹಿಡಿಯುವುದಿಲ್ಲ. ನೀನೇ ಜಿಲ್ಲಾ ನ್ಯಾಯಾಲಯದಲ್ಲೋ ಅದಕ್ಕೂ ಮೇಲೋ ದಾವೆ ಹೂಡಬೇಕು.

ಯಂತ್ರ ಕೈಗೂಡುವುದೂ ವರ್ಷಗಳ ಮಾತು. ಈ ಸೀಮೆಯ ಬೇರೆ ಕ್ಯಾಂಪುಗಳ ತೆಲುಗು ಮನೆಗಳಲ್ಲಿ ‘ಮಲ್ಲೇಶಂ’ ಸಿನಿಮಾ ನೋಡಿದವರು ಇದ್ದಾರು. ತಾಯಿಯ ಭುಜನೋವು ನೋಡಲಾರದೆ ಚಿಂತಕಿಂದಿ ಮಲ್ಲೇಶಂ ನೂಲು ಸುತ್ತುವ ಆಸು ಯಂತ್ರಕ್ಕೆ ಕೈಹಾಕಿದ್ದು 1992ರಲ್ಲಿ, ಯಂತ್ರ ಕೈಗೂಡಿದ್ದು 1999ರಲ್ಲಿ. ನಮ್ಮ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದರ ಹಿಂದೆ ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬಿತ್ತುವ ಕೂರಿಗೆಗಳು ಎಂದು ದಶಕಗಳ ಕೆಲಸವಿತ್ತು. ನಸುಕಿನಲ್ಲಿ ಎಚ್ಚರವಾಗದ ಹುಡುಗ ಮುಖಕ್ಕೆ ನೀರು ಸುರಿಯುವ ಅಲಾರಂ ಕಟ್ಟಿಕೊಂಡಿದ್ದರಿಂದ ಶುರುವಾದ ಹುಚ್ಚು ಅದು.

ನಮ್ಮ ಹುಡುಗ ಗಾಲಿಯನ್ನು ಸಬ್ಸಿಡಿಯಲ್ಲಿ ಮಾರಬೇಕೆಂದರೆ ಮಾನ್ಯ ಕೇಂದ್ರದ ಪರೀಕ್ಷಾ ವರದಿ ಕೇಳುತ್ತಾರೆ. ದಕ್ಷಿಣ ಭಾರತದ ಕೇಂದ್ರೀಯ ಪರೀಕ್ಷಾ ಸಂಸ್ಥೆ ಇರುವುದು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ಅಲ್ಲಿಗೆ ಹೋಗುವ ಮೊದಲು ಕೆಸರೇ ಒಂದು ಪರೀಕ್ಷೆ ಮಾಡಿರಬೇಕು: ಕೀಲಿನೊಳಗೆ ಕರಿಮಣ್ಣು ಹೊಕ್ಕು ಒಣಗಿದ ಮೇಲೂ ಗಾಲಿ ಮಡಚುತ್ತದೆಯೇ? ಇದಕ್ಕೆ ಸಿಗುವುದು ಪ್ರೊವಿಷನಲ್ ಅರ್ಜಿಗೂ ಪೂರ್ಣ ಅರ್ಜಿಗೂ ನಡುವಿನ ಆ 12 ತಿಂಗಳು. ಕಾಲುವೆಗೆ ಎರಡನೇ ಬೆಳೆಯ ನೀರು ಬಿಟ್ಟರೆ ಎರಡು ಹಂಗಾಮು, ಬಿಡದಿದ್ದರೆ ಒಂದೇ.