ನಿಮಗಿದು ಗೊತ್ತೇ? ಡಿಸ್ಚಾರ್ಜ್ ಆದರೂ ಮೈ ಬಿಡದ ಐಸಿಯು!

ನಿಮ್ಮ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಗ್ರಂಥಿ ಕೂತಿದೆ. ಹೆಸರು ಅಡ್ರಿನಲ್. ಒಂದರ ತೂಕ ಬರೀ ನಾಲ್ಕೈದು ಗ್ರಾಂ! ಹುಬ್ಬಳ್ಳಿ-ಧಾರವಾಡದ ಹಾಗೆ ಇವೂ ಜೋಡಿ. ಅವುಗಳ ಹಾಗೆಯೇ ಒಂದರಂತೆ ಇನ್ನೊಂದಿಲ್ಲ. ಬಲಗಡೆಯದು ತ್ರಿಕೋನ, ಎಡಗಡೆಯದು ಅರ್ಧಚಂದ್ರ. ಜೀವಕ್ಕೆ ಕುತ್ತು ಬಂದಾಗ ರಕ್ತಕ್ಕೆ ನುಗ್ಗುವ ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ತಯಾರಾಗುವುದು ಇಲ್ಲೇ!

ಅಡ್ರಿನಲಿನ್ ಆಯುಷ್ಯ ಎಷ್ಟು ಅಂತೀರಿ? ರಕ್ತಕ್ಕಿಳಿದ ಎರಡು-ಮೂರು ನಿಮಿಷದಲ್ಲಿ ಅರ್ಧ ಖಾಲಿ! ಕಾರ್ಟಿಸಾಲ್ ಹಾಗಲ್ಲ. ಅದು ಅರ್ಧಕ್ಕಿಳಿಯಲು ಒಂದು ಗಂಟೆಗೂ ಮಿಕ್ಕಿ ಬೇಕು. ಬೀದಿನಾಯಿ ಬೆನ್ನು ಹತ್ತಿದಾಗ ನಿಮ್ಮನ್ನು ಓಡಿಸುವುದು ಮೊದಲನೆಯದು. ಮನೆ ಸೇರಿ, ಬಾಗಿಲು ಹಾಕಿ, ನೀರು ಕುಡಿದು ಕೂತ ಮೇಲೂ ರಕ್ತದಲ್ಲಿ ಉಳಿದಿರುವುದು ಎರಡನೆಯದು!

ಕಾರ್ಟಿಸಾಲ್ ಹೊತ್ತು ನೋಡಿಕೊಂಡೇ ಏರುತ್ತದೆ, ಇಳಿಯುತ್ತದೆ. ಬೆಳಿಗ್ಗೆ ಎಂಟರ ಸುಮಾರಿಗೆ, ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಬಸ್ಸು-ಆಟೊಗಳ ಗದ್ದಲ ಏರುವ ವೇಳೆಗೆ, ಅದೂ ಮೇಲಿರುತ್ತದೆ. ನಡುರಾತ್ರಿಯ ಹೊತ್ತಿಗೆ ತಳ ಕಾಣುತ್ತದೆ. ಐಸಿಯುನಲ್ಲಿ? ಅಲ್ಲಿ ರಾತ್ರಿಯೂ ಟ್ಯೂಬ್‌ಲೈಟು, ರಾತ್ರಿಯೂ ಯಂತ್ರಗಳ ಕೂಗು. ಕಾಯಿಲೆ ಜೋರಾದವರಲ್ಲಿ ಈ ಏರಿಳಿತವೇ ಅಳಿಸಿಹೋಗುತ್ತದೆ. ಹೊರಗೆ ನಡುರಾತ್ರಿ, ಮೈಯೊಳಗೆ ಬೆಳಗಿನ ಎಂಟು!

ಇದು ಇನ್ನೂ ಸೋಜಿಗ, ನೋಡಿ. ಐಸಿಯು ರೋಗಿಗಳ ರಕ್ತದಲ್ಲಿ ಕಾರ್ಟಿಸಾಲ್ ತುಂಬಿರುತ್ತದೆ. ಪಾಪ, ಗ್ರಂಥಿ ಹಗಲಿರುಳು ದುಡಿಯುತ್ತಿದೆ ಎಂದೇ ಎಲ್ಲರೂ ನಂಬಿದ್ದರು. 2013ರಲ್ಲಿ ಬೆಲ್ಜಿಯಂನ ಲ್ಯೂವೆನ್ನಿನ ವೈದ್ಯರು ಅಳೆದು ನೋಡಿದರು. ಉತ್ಪಾದನೆ ಅಂದುಕೊಂಡಷ್ಟು ಏರಿರಲೇ ಇಲ್ಲ! ಗ್ರಂಥಿಗೆ ತಲೆಯೊಳಗಿನ ಪಿಟ್ಯುಟರಿ ಕಳಿಸುವ ಅಪ್ಪಣೆಯೂ ತಗ್ಗಿತ್ತು. ಮತ್ತೆ ಇಷ್ಟೊಂದು ಎಲ್ಲಿಂದ ಬಂತು? ಅಸಲಿ ಗುಟ್ಟು ಲಿವರ್ ಮತ್ತು ಕಿಡ್ನಿಯಲ್ಲಿತ್ತು. ಕಾರ್ಟಿಸಾಲನ್ನು ಒಡೆದು ಹಾಕುವ ಕೆಲಸವನ್ನು ಅವು ನಿಧಾನ ಮಾಡಿದ್ದವು. ಹೊಸದು ಮಾಡುವ ಖರ್ಚೇಕೆ, ಇದ್ದದ್ದನ್ನೇ ಬಾಳಿಸೋಣ ಎನ್ನುವ ಲೆಕ್ಕ. ದೇಹಕ್ಕೂ ಜಿಪುಣತನ ಗೊತ್ತು!

ಒಂದು ಚೂರೂ ಧಾರವಾಡ ಪೇಢೆ ತಿಂದಿಲ್ಲ, ಹಿಂದೆಂದೂ ಡಯಾಬಿಟೀಸ್ ಇರಲಿಲ್ಲ. ಆದರೂ ಐಸಿಯುನಲ್ಲಿ ಶುಗರ್ ಏರಿಬಿಡುತ್ತದೆ! ಇದೂ ಒತ್ತಡದ ಹಾರ್ಮೋನುಗಳದೇ ಕೆಲಸ. ಓಡಲು ಇಂಧನ ಬೇಕೆಂದು ಅವು ಲಿವರಿನಿಂದ ಸಕ್ಕರೆ ಹೊರಡಿಸುತ್ತವೆ. ರೋಗಿ ಮಂಚ ಬಿಟ್ಟು ಎಲ್ಲಿಗೂ ಓಡುವುದಿಲ್ಲ ಎಂಬುದು ಅವಕ್ಕೇನು ಗೊತ್ತು!

ಒಂದೇ ಒಂದು ಇಂಜೆಕ್ಷನ್ನಿಗೆ ಅಡ್ರಿನಲ್ ಗ್ರಂಥಿ ಸುಮಾರು ಒಂದು ದಿನ ಮಂಕಾಗುತ್ತದೆ ಎಂದರೆ ನಂಬುತ್ತೀರಾ? ಎಟೊಮಿಡೇಟ್ ಎಂಬ ಮಂಪರಿನ ಔಷಧಕ್ಕೆ ಆ ಗುಣವಿದೆ. ಹಿಂದೆ ಅದನ್ನು ಐಸಿಯುಗಳಲ್ಲಿ ದಿನಗಟ್ಟಲೆ ಡ್ರಿಪ್ಪಿನಲ್ಲಿ ಕೊಡುತ್ತಿದ್ದರು. ಹಾಗೆ ಕೊಟ್ಟವರಲ್ಲಿ ಸಾವು ಹೆಚ್ಚುತ್ತಿದೆ ಎಂದು 1983ರಲ್ಲಿ ಗ್ಲಾಸ್ಗೋದ ವೈದ್ಯರು ಎಚ್ಚರಿಸಿದ ಮೇಲೆಯೇ ಗುಟ್ಟು ರಟ್ಟಾದದ್ದು!

ಕೋವಿಡ್ ಕಾಲದ ಡೆಕ್ಸಾಮೆಥಾಸೋನ್ ನೆನಪಿದೆಯಲ್ಲ? ಅದು ಕಾರ್ಟಿಸಾಲಿನ ಕೃತಕ ತಮ್ಮ. ಆದರೆ ತಮ್ಮನೇ ಜೋರು, ಅಣ್ಣನಿಗಿಂತ ಸುಮಾರು 25 ಪಟ್ಟು! ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಅಷ್ಟರಲ್ಲೇ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವು ಸುಮಾರು ಮೂರನೇ ಒಂದು ಪಾಲು ಇಳಿಯಿತು ಎಂದು 2020ರ ಜೂನ್ 16ರಂದು ಬ್ರಿಟನ್ನಿನಿಂದ ಸುದ್ದಿ ಬಂತು. ಲಕ್ಷಗಟ್ಟಲೆ ಬೆಲೆಯ ಹೊಸ ಮದ್ದನ್ನು ಜಗತ್ತು ಹುಡುಕುತ್ತಿದ್ದಾಗ, ಗೆದ್ದದ್ದು ಹತ್ತಾರು ವರ್ಷ ಹಳೆಯ ಅಗ್ಗದ ಔಷಧ!

ಆದರೆ ಅದೇ ಔಷಧಕ್ಕೆ ಇನ್ನೊಂದು ಮುಖವೂ ಇದೆ. 2021ರ ಎರಡನೇ ಅಲೆಯಲ್ಲಿ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ಕಪ್ಪು ಶಿಲೀಂಧ್ರದ ರೋಗಿಗಳಿಗೆಂದೇ ಬೇರೆ ವಾರ್ಡ್ ತೆರೆಯಬೇಕಾಯಿತು.  ಡೆಕ್ಸಾಮೆಥಾಸೋನಿನಂಥ ಸ್ಟೀರಾಯ್ಡ್ ಜಾಸ್ತಿಯಾದರೆ ಶುಗರ್ ಏರುತ್ತದೆ, ಸೋಂಕನ್ನು ಎದುರಿಸುವ ಶಕ್ತಿ ತಗ್ಗುತ್ತದೆ. ಆ ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ. ಅದರ ಬೀಜಕಣಗಳು ಎಲ್ಲಿಂದಲೋ ಬರಬೇಕಿರಲಿಲ್ಲ. ನಾವು ದಿನಾ ಉಸಿರಾಡುವ ಗಾಳಿಯಲ್ಲೇ ಇದ್ದವು!

ವಾರಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ನಿಮ್ಮ ಸ್ವಂತ ಗ್ರಂಥಿ ಕೆಲಸ ಬಿಟ್ಟು ಕೂರುತ್ತದೆ! ಮಾತ್ರೆ ಒಮ್ಮೆಲೇ ನಿಲ್ಲಿಸಿದಿರೋ, ಅತ್ತ ಮಾತ್ರೆಯೂ ಇಲ್ಲ, ಇತ್ತ ಗ್ರಂಥಿಯೂ ಎದ್ದಿಲ್ಲ. ಡಾಕ್ಟರು ಡೋಸ್ ಇಳಿಸುತ್ತ ಇಳಿಸುತ್ತ ಬರುವುದು ಅದಕ್ಕೇ. ಗ್ರಂಥಿ ಪೂರ್ತಿ ಎಚ್ಚರಾಗಲು ಕೆಲವರಿಗೆ ತಿಂಗಳುಗಳೇ ಬೇಕು!

ಐಸಿಯು ಹಾಸಿಗೆಯಲ್ಲಿ ತೊಡೆ ಎಷ್ಟು ಬೇಗ ಕರಗುತ್ತದೆ ಗೊತ್ತೇ? ಲಂಡನ್ನಿನ ಸಂಶೋಧಕರು ತೀವ್ರ ಕಾಯಿಲೆಯವರ ತೊಡೆಯ ಮುಂದಿನ ಸ್ನಾಯುವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡಿ, 2013ರಲ್ಲಿ ಲೆಕ್ಕ ಹೇಳಿದರು. ಹತ್ತೇ ದಿನಕ್ಕೆ ಶೇ. 17ಕ್ಕಿಂತ ಹೆಚ್ಚು ಸಣ್ಣ! ಹಲವು ಅಂಗಗಳು ಒಟ್ಟಿಗೆ ಕೈಕೊಟ್ಟವರಲ್ಲಿ ಇನ್ನೂ ಜಾಸ್ತಿ. ಸ್ನಾಯುವನ್ನು ಒಡೆಯುವುದರಲ್ಲಿ ನಮ್ಮ ಕಾರ್ಟಿಸಾಲಿನ ಕೈಯೂ ಇದೆ. ಮನೆಗೆ ಬಂದವರಿಗೆ ಎರಡು ಮೆಟ್ಟಿಲು ಹತ್ತಲೂ ಗೋಡೆ ಬೇಕಾಗುವುದು ಸೋಮಾರಿತನದಿಂದ ಅಲ್ಲವೇ ಅಲ್ಲ!

ಶ್ವಾಸಕೋಶಗಳೇ ಕೈಕೊಟ್ಟು ಐಸಿಯು ಸೇರಿ ಬದುಕಿ ಬಂದ 109 ಜನರನ್ನು ಕೆನಡಾದ ವೈದ್ಯರು ಹಿಂಬಾಲಿಸಿದರು. ಒಂದು ವರ್ಷದ ಹೊತ್ತಿಗೆ ಶ್ವಾಸಕೋಶ ಹೆಚ್ಚುಕಡಿಮೆ ಸರಿಹೋಗಿತ್ತು. ಆದರೆ ಆರು ನಿಮಿಷದಲ್ಲಿ ಅವರು ನಡೆದ ದೂರ, ನಡೆಯಬೇಕಾದ ದೂರದ ಮೂರನೇ ಎರಡು ಪಾಲು ಮಾತ್ರ! ಕೆಟ್ಟದ್ದು ಶ್ವಾಸಕೋಶ, ಕಡೆಗೆ ಸೋತದ್ದು ಕಾಲು. ಐದು ವರ್ಷದ ನಂತರವೂ ಆ ದೂರ ಪೂರ್ತಿ ಕೈಗೆ ಸಿಕ್ಕಿರಲಿಲ್ಲ!

"ನರ್ಸಮ್ಮ ನನಗ ವಿಷಾ ಹಾಕಾಕತ್ತಿದ್ಲು!" ಐಸಿಯುನಿಂದ ಬಂದ ಅಜ್ಜ ಹೀಗೆಂದರೆ ನಗಬೇಡಿ. ವೆಂಟಿಲೇಟರ್ ಮೇಲಿದ್ದವರಲ್ಲಿ ಬಹಳಷ್ಟು ಜನಕ್ಕೆ ಡೆಲಿರಿಯಂ ಎಂಬ ಭ್ರಮೆ ಬರುತ್ತದೆ. ಗೋಡೆಯ ಮೇಲೆ ಹುಳ, ಮಂಚದ ಕೆಳಗೆ ಬೆಂಕಿ, ತನ್ನನ್ನು ಯಾರೋ ಕಟ್ಟಿಹಾಕಿದ್ದಾರೆಂಬ ದಿಗಿಲು. ನಿಜವಾಗಿ ನಡೆದದ್ದು ಮರೆತೇ ಹೋಗಿರುತ್ತದೆ, ನಡೆಯದೇ ಇದ್ದದ್ದು ಕಣ್ಣಿಗೆ ಕಟ್ಟಿರುತ್ತದೆ! ಭಯದ ನೆನಪನ್ನು ಮಿದುಳಿನಲ್ಲಿ ಬಲವಾಗಿ ನಾಟುವುದು ಅಡ್ರಿನಲಿನ್ ಮತ್ತು ಅದರ ಬಳಗ. ಮ್ಯೂನಿಕ್ಕಿನ ವೈದ್ಯರು ಕಂಡದ್ದಂತೂ ತಲೆಕೆಳಗು. ರಕ್ತಕ್ಕೆ ನಂಜೇರಿ ಬಿಪಿ ಕುಸಿದವರಿಗೆ ಕಾರ್ಟಿಸಾಲನ್ನೇ ಮದ್ದಾಗಿ ಕೊಟ್ಟಾಗ, ಮುಂದೆ ಆ ಭಯದ ನೆನಪುಗಳ ಕಾಟ ಕಡಿಮೆಯಾಗಿತ್ತು. ಚಿಕ್ಕ ಅಧ್ಯಯನ, ನಿಜ. ಆದರೆ ಒತ್ತಡದ ಹಾರ್ಮೋನೇ ಒತ್ತಡಕ್ಕೆ ಮದ್ದು!

ಆ ಮರೆತ ದಿನಗಳನ್ನು ವಾಪಸ್ ಕೊಡುವ ಉಪಾಯ ಏನು ಗೊತ್ತೇ? ಒಂದು ನೋಟ್‌ಬುಕ್! ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆಯ ನರ್ಸುಗಳು ದಶಕಗಳ ಹಿಂದೆಯೇ ರೋಗಿಯ ಪರವಾಗಿ ಡೈರಿ ಬರೆಯಲು ತೊಡಗಿದ್ದರು. ಇಂದು ಕಣ್ಣು ತೆರೆದಿರಿ, ಇಂದು ನಿಮ್ಮ ಮಗಳು ಬಂದಿದ್ದಳು, ಇಂದು ಹೊರಗೆ ಮಳೆ. ಅಷ್ಟೇ. ಆರು ಯುರೋಪಿಯನ್ ದೇಶಗಳ 352 ರೋಗಿಗಳನ್ನು ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡೈರಿ ಸಿಕ್ಕವರಲ್ಲಿ ಆಘಾತದ ಮಾನಸಿಕ ಕಾಯಿಲೆ ಶೇ. 5, ಸಿಗದವರಲ್ಲಿ ಶೇ. 13! ಇದಕ್ಕೆ ಯಂತ್ರ ಬೇಡ, ಇಂಜೆಕ್ಷನ್ ಬೇಡ. ನಮ್ಮ ಕಡೆ ಬಿಲ್ಲಿನ ಹಿಂಬದಿಯಲ್ಲೇ ಬರೆಯಬಹುದು, ಅಷ್ಟು ಕಾಗದವಂತೂ ಸಿಗುತ್ತದೆ!

ರೊಟ್ಟಿ ಬುತ್ತಿ ಹಿಡಿದು ಆಸ್ಪತ್ರೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತಾರಲ್ಲ, ಆ ಮನೆಮಂದಿಗೂ ಕಾಯಿಲೆ ಅಂಟಿಕೊಳ್ಳುತ್ತದೆ! ನಿದ್ದೆ ಬರದು, ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತದೆ. ಇದಕ್ಕೆ ವೈದ್ಯರು ಹೆಸರನ್ನೇ ಇಟ್ಟಿದ್ದಾರೆ. ಐಸಿಯು ನಂತರ ರೋಗಿಯನ್ನು ಕಾಡುವ ತೊಂದರೆಗಳ ಗುಂಪು ಪಿಕ್ಸ್, ಮನೆಯವರಿಗೆ ಬರುವುದು ಪಿಕ್ಸ್-ಎಫ್!

ಸಂಗೀತದ ಊರಿನವರು ಇದನ್ನು ಕೇಳಲೇಬೇಕು. ಅಮೆರಿಕದ ಮಿನೆಸೋಟದಲ್ಲಿ ಉಸಿರಾಟದ ಯಂತ್ರದ ಆಸರೆಯಲ್ಲಿದ್ದ 373 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವರಿಗೆ ಹೆಡ್‌ಫೋನ್ ಕೊಟ್ಟು, ಮನಸ್ಸು ಬಂದಾಗ ನಿಮ್ಮಿಷ್ಟದ ಸಂಗೀತ ಹಾಕಿಕೊಳ್ಳಿ ಎಂದರು. ಅವರ ಆತಂಕ ಮೂರನೇ ಒಂದು ಪಾಲಿಗೂ ಹೆಚ್ಚು ಇಳಿಯಿತು, ಮಂಪರಿನ ಔಷಧವೂ ಕಡಿಮೆ ಸಾಕಾಯಿತು! ನಮ್ಮವರಿಗೆ ಆಯ್ಕೆಗೇನು ಬರ? ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು. ಜಗಳ ಬಂದರೆ ಯಾರನ್ನು ಮೊದಲು ಹಾಕುವುದು ಎಂಬುದಕ್ಕೇ ಬರಬೇಕು!

ಮಂಚ ಹಿಡಿದು ಎದ್ದವರಲ್ಲಿ ಇವರಂಥವರು ಅಪರೂಪ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರು! ಹಾಡಿನ ಹೆಸರು ಏರುತ್ತಿರುವಾಗಲೇ ಕ್ಷಯ ಬಡಿಯಿತು. ಒಣಹವೆಯ ಆಸೆಯಿಂದ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಡಕೂಡದು! ಮಲಗಿದಲ್ಲೇ ಹಕ್ಕಿಗಳ ಕೂಗು ಕೇಳಿದರು, ಮಾಳವದ ಜನಪದ ಹಾಡು ಕೇಳಿದರು. ಸ್ಟ್ರೆಪ್ಟೊಮೈಸಿನ್ ಬಂತು, ಜೀವ ಉಳಿಯಿತು, ಆದರೆ ಒಂದು ಶ್ವಾಸಕೋಶ ಹೋಯಿತು. 1953ರಲ್ಲಿ ಮತ್ತೆ ವೇದಿಕೆಗೆ ಬಂದರು. ಉದ್ದ ಉಸಿರಿನ ಬದಲು ಚಿಕ್ಕ ಚಿಕ್ಕ ಮಿಂಚಿನಂಥ ತಾನುಗಳು. ಕಾಯಿಲೆಯಲ್ಲಿ ಕೇಳಿದ ಜನಪದ ಧಾಟಿಗಳಿಂದಲೇ ಹೊಸ ರಾಗಗಳು!

ಅದೇ 1953ರ ಡಿಸೆಂಬರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಜಗತ್ತಿನ ಮೊದಲ ಐಸಿಯು ಶುರುಮಾಡಿದರು! ಹಿಂದಿನ ವರ್ಷದ ಪೋಲಿಯೊ ಹಾವಳಿಯಲ್ಲಿ ಯಂತ್ರ ಸಾಲದೆ, ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಕೈಯಿಂದಲೇ ಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟಿದ್ದರು!

ಕಿಟಕಿಯಾಚೆ ಮರ ಕಂಡರೂ ಬೇಗ ಗುಣ! ಅಮೆರಿಕದಲ್ಲಿ ಪಿತ್ತಕೋಶದ ಆಪರೇಷನ್ ಆದವರನ್ನು ನೋಡಿ 1984ರಲ್ಲಿ ಬಂದ ಲೆಕ್ಕ ಇದು. ಇಟ್ಟಿಗೆ ಗೋಡೆ ಕಂಡವರಿಗಿಂತ ಮರ ಕಂಡವರು ಹೆಚ್ಚುಕಡಿಮೆ ಮುಕ್ಕಾಲು ದಿನ ಮೊದಲು ಮನೆಗೆ ಹೋದರು. ಜೋರು ನೋವಿನ ಮದ್ದೂ ಕಡಿಮೆ ಕೇಳಿದರು!

ಭಾರಿ ಕಾಯಿಲೆಯಿಂದ ಎದ್ದವರ ಬೆರಳು ನೋಡಿ. ಉಗುರಿನಲ್ಲಿ ಅಡ್ಡಕ್ಕೆ ಒಂದು ತಗ್ಗುಗೆರೆ ಕಾಣಬಹುದು. ಕಾಯಿಲೆ ಜೋರಿದ್ದಾಗ ಉಗುರು ಬೆಳೆಯುವುದನ್ನೇ ನಿಲ್ಲಿಸಿದ ಗುರುತು ಅದು! 1846ರಲ್ಲಿ ಇದನ್ನು ವಿವರಿಸಿದವರು ಬೋ ಎಂಬ ಫ್ರೆಂಚ್ ವೈದ್ಯರು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಗೆರೆ ಎಷ್ಟು ಮುಂದೆ ಬಂದಿದೆ ಎಂದು ಅಳೆದರೆ ಕಾಯಿಲೆ ಬಂದ ತಿಂಗಳನ್ನೇ ಹೇಳಬಹುದು!

ಮನೆಗೆ ಬಂದು ಎರಡು-ಮೂರು ತಿಂಗಳಾಯಿತು, ಊಟ ಸೇರುತ್ತಿದೆ, ಮುಖದಲ್ಲಿ ಕಳೆ ಬಂದಿದೆ. ಆಗ ನೋಡಿ, ಬಾಚಣಿಗೆ ತುಂಬಾ ಕೂದಲು! ಗಾಬರಿ ಬೇಡ. ಕಾಯಿಲೆಯ ಹೊಡೆತಕ್ಕೆ ಅಂದೇ ವಿಶ್ರಾಂತಿಗೆ ಹೋದ ಕೂದಲು ಈಗ ಉದುರುತ್ತದೆ, ಅಷ್ಟೇ. ಎಣ್ಣೆಯನ್ನೂ ಬೈಯಬೇಡಿ, ಬೋರ್‌ವೆಲ್ ನೀರನ್ನೂ ಬೈಯಬೇಡಿ. ಬಹುತೇಕ ಮಂದಿಗೆ ಮತ್ತೆ ಹುಟ್ಟುತ್ತದೆ!

ಕೂದಲಿನೊಳಗೆ ಕಾರ್ಟಿಸಾಲ್ ಕೂಡ ಸೇರಿಕೊಂಡಿರುತ್ತದೆ! ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ ಮೂರು ಸೆಂಟಿಮೀಟರ್ ಕತ್ತರಿಸಿ ಲ್ಯಾಬಿಗೆ ಕೊಟ್ಟರೆ ಕಳೆದ ಮೂರು ತಿಂಗಳ ಒತ್ತಡದ ಅಂದಾಜು ಸಿಗುತ್ತದೆ. ರಕ್ತ ಆ ಗಳಿಗೆಯದನ್ನಷ್ಟೇ ಹೇಳೀತು, ಕೂದಲು ಹಿಂದಿನದನ್ನೂ ಹೇಳುತ್ತದೆ. ಈಗ ಯೋಚಿಸಿ. ನಮ್ಮ ಕಡೆ ಐಸಿಯು ಬಾಗಿಲಲ್ಲಿ ನಿಂತು, ಗುಣವಾದರೆ ಮುಡಿ ಕೊಡುತ್ತೇವೆ ಎಂದು ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊರುವುದುಂಟು. ಗುಣವಾದವರು ಕೆಲ ತಿಂಗಳಿಗೆ ಬೆಟ್ಟ ಹತ್ತುತ್ತಾರೆ, ತಲೆ ಬೋಳಿಸಿಕೊಳ್ಳುತ್ತಾರೆ. ಐಸಿಯು ದಿನಗಳ ಕಾರ್ಟಿಸಾಲ್ ಲೆಕ್ಕವೂ ಆ ಕೂದಲಿನ ಜೊತೆಗೇ ತಿಮ್ಮಪ್ಪನಿಗೆ!